ಹಚ್ಚಿದ ಚರ್ಮ ಹಿಡಿಯಬೇಕೆಂದರೆ: ಮೊದಲ ದಿನಗಳ ಆರೈಕೆ ಹೇಗೆ?

ತೊಗರಿ ರಾಶಿಯ ಹೊತ್ತಿನಲ್ಲಿ ನಮ್ಮ ಕಾಕಾನ ಕಾಲು ಮಷಿನ್ನಿಗೆ ಸಿಕ್ಕಿತು. ಎಲುಬು ಉಳಿಯಿತು, ಮೊಣಕಾಲ ಕೆಳಗೆ ಎರಡು ಅಂಗೈಯಗಲ ಚರ್ಮ ಹೋಯಿತು. ಗಾಯ ಕೆಂಪಗೆ ಹದಕ್ಕೆ ಬಂದ ಮೇಲೆ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ತೊಡೆಯ ಚರ್ಮ ತೆಗೆದು ಹಚ್ಚಿದರು. ಇದಕ್ಕೆ ಚರ್ಮದ ಕಸಿ ಎನ್ನುತ್ತಾರೆ. ‘ಕಾಕಾ, ಕಾಲ ಕೆಳಗ ಬಿಡಬ್ಯಾಡ್ರಿ’ ಎಂದು ಸಿಸ್ಟರ್ ಹೇಳಿದ್ದರು. ಮೂರನೇ ರಾತ್ರಿ ಕಾಕಾ ಯಾರನ್ನೂ ಎಬ್ಬಿಸದೆ ಸಂಡಾಸಕ್ಕೆ ನಡೆದು ಹೋಗಿ ಬಂದರು. ಪಟ್ಟಿ ಬಿಚ್ಚಿದಾಗ ಅರ್ಧ ಚರ್ಮ ಕಪ್ಪಾಗಿತ್ತು. ಮತ್ತೊಮ್ಮೆ ಹಚ್ಚಬೇಕಾಯಿತು. ಯಾಕೆ ಕೆಳಗೆ ಬಿಡಬಾರದು ಎಂಬುದು ತಿಳಿದಿದ್ದರೆ ನಮ್ಮಲ್ಲಿ ಒಬ್ಬರಾದರೂ ಎಚ್ಚರವಿರುತ್ತಿದ್ದೆವು.

ರಕ್ತ ಎಲ್ಲಿಂದ ಬರುತ್ತದೆ?

ತೊಡೆಯಿಂದ ತೆಗೆಯುವ ಚರ್ಮದ ಪದರ ಸಾಮಾನ್ಯವಾಗಿ 0.2ರಿಂದ 0.4 ಮಿಲಿಮೀಟರ್ ದಪ್ಪ. ತೆಗೆದ ಕ್ಷಣಕ್ಕೇ ಅದರ ರಕ್ತದ ದಾರಿ ಕಡಿದುಹೋಗಿರುತ್ತದೆ. ಶಹಾಪುರ, ಸುರಪುರದ ಕಡೆ ಕಾಲುವೆ ನೀರಿನ ಗದ್ದೆಯಲ್ಲಿ ಭತ್ತದ ನಾಟಿ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಕಿತ್ತು ನೆಟ್ಟ ಸಸಿ ಬೇರು ಬಿಡುವ ತನಕ ಬಾಡಿಕೊಂಡೇ ಜೀವ ಹಿಡಿದಿರುತ್ತದೆ. ಚರ್ಮವೂ ಹಾಗೆಯೇ. ಮೊದಲ ಒಂದೆರಡು ದಿನ ಗಾಯದಿಂದ ಒಸರುವ ದ್ರವವನ್ನು ಹೀರಿಕೊಂಡು ಬದುಕುತ್ತದೆ. ಎರಡನೇ, ಮೂರನೇ ದಿನದ ಹೊತ್ತಿಗೆ ಗಾಯದ ಸೂಕ್ಷ್ಮ ರಕ್ತನಾಳಗಳ ಬಾಯಿಯೂ ಚರ್ಮದೊಳಗಿನ ಕಡಿದ ನಾಳಗಳ ಬಾಯಿಯೂ ಕೂಡತೊಡಗುತ್ತವೆ. ಹೊಸ ನಾಳಗಳೂ ಒಳಗೆ ಬೆಳೆದು ಬಂದು ಐದಾರು ದಿನದಲ್ಲಿ ರಕ್ತ ಸಲೀಸಾಗಿ ಹರಿಯುತ್ತದೆ.

ಕೂಡುತ್ತಿರುವ ಆ ನಾಳಗಳು ಕೂದಲೆಳೆಗಿಂತ ಸಣ್ಣವು. ಚರ್ಮ ಒಂದಿಷ್ಟು ಜಾರಿದರೂ ಕಡಿದುಹೋಗುತ್ತವೆ. ಕಾಲು ಇಳಿಬಿಟ್ಟರೆ ರಕ್ತ ಕೆಳಗೆ ಒತ್ತಿ, ಚರ್ಮದಡಿ ತುಂಬಿ, ಅದನ್ನು ಗಾಯದಿಂದ ಎತ್ತಿಬಿಡುತ್ತದೆ. ಹಚ್ಚಿದ ಚರ್ಮಕ್ಕೆ ಬಲೆಯಂತೆ ತೂತು ಮಾಡಿರುವುದನ್ನು ಕಂಡು ಗಾಬರಿಯಾಗಬೇಡಿ. ಅಡಿಯ ರಕ್ತ, ನೀರು ಹೊರಬರಲೆಂದೇ ಆ ತೂತುಗಳು.

ಶಸ್ತ್ರಚಿಕಿತ್ಸೆಗೆ ಮುಂಚೆ

ತಂಬಾಕು ಬಿಡಿಸಿ. ಬೀಡಿ ಮಾತ್ರವಲ್ಲ, ಗುಟ್ಕಾವೂ ಬೇಡ. ಇದರಲ್ಲಿ ರಿಯಾಯಿತಿ ಬೇಡವೆಂದು ಕೈಮುಗಿದು ಕೇಳುತ್ತೇನೆ. ನಿಕೋಟಿನ್ ರಕ್ತನಾಳಗಳನ್ನು ಬಿಗಿಯುತ್ತದೆ, ಹೊಸ ಚರ್ಮಕ್ಕೆ ಬೇಕಾದದ್ದು ಅದೇ ನಾಳಗಳ ರಕ್ತ. ನೋಡಲು ಬಂದವರು ದಿಂಬಿನಡಿ ಪುಡಿ ಇಟ್ಟು ಹೋಗದಂತೆ ಕಾಯುವುದೂ ಆರೈಕೆಯೇ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿರಲಿ.

ಮೊದಲ ಐದು ದಿನ

ಕಾಲಿನ ಕಸಿಯಾದರೆ ದಿಂಬುಗಳ ಮೇಲೆ ಎದೆಮಟ್ಟಕ್ಕಿಂತ ಎತ್ತರದಲ್ಲಿಡಿ. ಮಲಮೂತ್ರಕ್ಕೆ ಬೆಡ್‌ಪ್ಯಾನ್ ಬಳಸಿ. ಹಿರಿಯರು ನಾಚುತ್ತಾರೆ, ಪರದೆ ಎಳೆದು ಧೈರ್ಯ ಹೇಳಿ. ರಾತ್ರಿ ಒಬ್ಬರು ಎಚ್ಚರವಿರಲೇಬೇಕು. ಊರಿನಿಂದ ಬಂದವರನ್ನು ಮಂಚದ ಮೇಲೆ ಕೂರಿಸಬೇಡಿ. ಪಟ್ಟಿಯನ್ನು ನೀವಾಗಿ ಸಡಿಲಿಸಬೇಡಿ, ತುರಿಕೆಯೆಂದು ಒಳಗೆ ಕಡ್ಡಿ ತೂರಿಸಬೇಡಿ. ದುರ್ವಾಸನೆ, ಜ್ವರ, ಪಟ್ಟಿ ತೊಯ್ಯುವಷ್ಟು ರಕ್ತ, ಹೆಚ್ಚುತ್ತಲೇ ಹೋಗುವ ನೋವು, ಬೆರಳುಗಳ ಜೋಮು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು.

ಊಟದಲ್ಲಿ ಬೇಳೆ, ಮೊಟ್ಟೆ, ಹಾಲು ಧಾರಾಳವಾಗಿರಲಿ. ಬಾಣಂತಿಗೆ ಹೇಳುವಂತೆ ‘ಅದು ನಂಜು, ಇದು ನಂಜು’ ಎಂದು ಬರೀ ಗಂಜಿಯಲ್ಲಿ ಇಡುವವರನ್ನು ಕಂಡಿದ್ದೇನೆ. ಗಾಯ ಮಾಯಲು ಪ್ರೋಟೀನ್ ಬೇಕೇ ಬೇಕು.

ಪಟ್ಟಿ ಬಿಚ್ಚಿದಾಗ

ಸಾಮಾನ್ಯವಾಗಿ ಮೂರರಿಂದ ಐದನೇ ದಿನದೊಳಗೆ ಡಾಕ್ಟರು ಮೊದಲ ಪಟ್ಟಿ ಬಿಚ್ಚುತ್ತಾರೆ. ಹಿಡಿದ ಚರ್ಮ ನಸುಗೆಂಪಾಗಿ ಗಾಯಕ್ಕೆ ಅಂಟಿಕೊಂಡಿರುತ್ತದೆ. ನಮ್ಮ ಕಪ್ಪು ಮೈಬಣ್ಣದಲ್ಲಿ ಆ ಕೆಂಪು ಎದ್ದು ಕಾಣುವುದಿಲ್ಲ, ನೇರಳೆಯಂತೆಯೂ ತೋರಬಹುದು. ಆದ್ದರಿಂದ ಬಣ್ಣ ನೋಡಿ ನೀವೇ ತೀರ್ಮಾನಿಸದೆ ಡಾಕ್ಟರನ್ನೇ ಕೇಳಿ. ಚರ್ಮ ತೆಗೆದ ತೊಡೆ ಕಸಿಗಿಂತ ಹೆಚ್ಚು ಉರಿಯುತ್ತದೆ. ಅಲ್ಲಿನ ಪಟ್ಟಿಯನ್ನು ಎಳೆಯಬೇಡಿ, ಎರಡು ವಾರದೊಳಗೆ ಗಾಯ ಮಾಯ್ದು ತಾನಾಗಿ ಬಿಡುತ್ತದೆ.

ಎಲುಬು, ನರ ಬಯಲಾಗಿದ್ದರೆ

ಹೊದಿಕೆ ಕಳೆದುಕೊಂಡ ಎಲುಬಿನ ಮೇಲೆ ತೆಳು ಚರ್ಮ ಹಿಡಿಯದು, ಅಲ್ಲಿ ಅದಕ್ಕೆ ರಕ್ತ ಕೊಡುವವರಿಲ್ಲ. ಆಗ ರಕ್ತನಾಳದ ಸಮೇತ ಮಾಂಸ, ಚರ್ಮವನ್ನು ತಂದು ಹಚ್ಚುತ್ತಾರೆ. ಇದಕ್ಕೆ ಫ್ಲ್ಯಾಪ್ ಎನ್ನುತ್ತಾರೆ. ಈ ಉಪಾಯ ನಮ್ಮ ನೆಲದ್ದೇ. 1792ರ ಮೈಸೂರು ಯುದ್ಧದಲ್ಲಿ ಬ್ರಿಟಿಷರ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಟಿಪ್ಪುವಿನ ಸೆರೆಯಾಗಿ ಮೂಗು ಕಳೆದುಕೊಂಡ. ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದ ಒಬ್ಬ ಅವನ ಹಣೆಯ ಚರ್ಮವನ್ನು ಹುಬ್ಬುಗಳ ನಡುವೆ ಒಂದು ಎಳೆ ಉಳಿಸಿ ತಿರುಗಿಸಿ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆ ಅದನ್ನು ಅಚ್ಚು ಹಾಕಿತು. ಆ ಎಳೆಯನ್ನು ಕತ್ತರಿಸುವುದು 25ನೇ ದಿನದ ಸುಮಾರಿಗೆ ಎಂದು ಅದರಲ್ಲಿದೆ. ಅಲ್ಲಿಯವರೆಗೆ ಹೊಸ ಮೂಗಿಗೆ ಹಣೆಯ ರಕ್ತವೇ ಆಧಾರ.

ಈಗ ನಾಳವನ್ನೇ ಕತ್ತರಿಸಿ ತಂದು, ಸೂಕ್ಷ್ಮದರ್ಶಕದಡಿ ಬೇರೆಡೆಯ ನಾಳಕ್ಕೆ ಹೊಲಿಯುತ್ತಾರೆ. ಅಂಥ ರೋಗಿಯನ್ನು ಮೊದಲ ದಿನ ಗಂಟೆಗಂಟೆಗೂ ನೋಡಬೇಕು. ಹಚ್ಚಿದ ಭಾಗ ಬಿಳಚಿ ತಣ್ಣಗಾದರೆ ರಕ್ತ ಒಳಬರುತ್ತಿಲ್ಲ. ನೀಲಿಯಾಗಿ ಉಬ್ಬಿದರೆ ಹೊರಹೋಗುತ್ತಿಲ್ಲ. ಎರಡಕ್ಕೂ ಕೆಲವು ಗಂಟೆಗಳಲ್ಲಿ ಮತ್ತೆ ಆಪರೇಷನ್ ಥಿಯೇಟರಿಗೆ ಒಯ್ದರೆ ಉಳಿಸಲು ಅವಕಾಶವಿದೆ, ಆದ್ದರಿಂದ ನಡುರಾತ್ರಿಯಾದರೂ ಸಿಸ್ಟರನ್ನು ಕರೆಯಿರಿ. ಕಲಬುರಗಿ ಬಿಸಿಲಿಗೆ ಕೂಲರ್ ಅವರತ್ತ ತಿರುಗಿಸುವ ಆಸೆ ಬರುತ್ತದೆ. ಬೇಡ, ಚಳಿಗೆ ನಾಳ ಬಿಗಿಯುತ್ತದೆ.

ಮನೆಗೆ ಬಂದ ಮೇಲೆ

ಕಾಲಿನ ಕಸಿಯವರು ನಡೆಯುವ ಮುನ್ನ ಬೆರಳಿನಿಂದ ಮೊಣಕಾಲವರೆಗೆ ಕ್ರೇಪ್ ಬ್ಯಾಂಡೇಜ್ ಸುತ್ತಬೇಕು. ಡಾಕ್ಟರು ಒಪ್ಪಿದ ಮೇಲೆ ಮೊದಲು ಐದೈದು ನಿಮಿಷ ಕಾಲು ಇಳಿಬಿಟ್ಟು, ಮತ್ತೆ ಮೇಲಿಟ್ಟು, ಬಣ್ಣ ಕಪ್ಪೇರಿದೆಯೇ ನೋಡಿ. ಚರ್ಮ ಪೂರ್ತಿ ಹಿಡಿದ ಮೇಲೂ ಅದರಲ್ಲಿ ಎಣ್ಣೆ ಗ್ರಂಥಿಗಳು ಕಡಿಮೆ, ಒಣಗಿ ಬಿರಿಯುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತಗೆ ತಿಕ್ಕಿ, ಬಿಸಿಲಿಗೆ ಬಟ್ಟೆ ಮುಚ್ಚಿ. ಕಾಕಾ ಈಗ ಹೊಲಕ್ಕೆ ಹೊರಡುವ ಮುನ್ನ ಕಟ್ಟೆಯ ಮೇಲೆ ಕೂತು ಬ್ಯಾಂಡೇಜ್ ಸುತ್ತಿಕೊಳ್ಳುತ್ತಾರೆ, ಬೆರಳಿನಿಂದ ಮೇಲಕ್ಕೆ.