ಇಮೇಲ್ ಮನೆಯಲ್ಲಿ, ಬಾಗಿಲು ಬಾಡಿಗೆಗೆ

ಬಾಗಲಕೋಟೆ ನವನಗರದ ಮನೆಯಲ್ಲಿ ಸ್ವಂತ ಡೊಮೇನಿನ ಮೇಲ್ ಸರ್ವರ್ ನಡೆಸಬೇಕೆಂದರೆ ಮೊದಲು ರೂಟರ್ ಪುಟ ತೆರೆದು ನೋಡಬೇಕು. ಅಲ್ಲಿ ಕಾಣುವ ವ್ಯಾನ್ (ಹೊರಬದಿಯ) ಐಪಿ 100.64ರಿಂದ 100.127ರೊಳಗೆ ಇದ್ದರೆ ಸಂಪರ್ಕ ಕೊಟ್ಟವರ ನ್ಯಾಟ್ (ಹಲವು ಮನೆಗಳಿಗೆ ಒಂದೇ ಹೊರಗಿನ ಐಪಿ ಹಂಚುವ ವ್ಯವಸ್ಥೆ) ಹಿಂದೆ ಇದ್ದೀರಿ ಎಂದರ್ಥ. ಪೋರ್ಟ್ ಫಾರ್ವರ್ಡ್ ಎಷ್ಟು ಬರೆದರೂ ಹೊರಗಿನವರಿಗೆ ನಿಮ್ಮ ಬಾಗಿಲು ಸಿಗುವುದಿಲ್ಲ. ಸ್ಥಿರ ಐಪಿಗೆ ದುಡ್ಡು ಕೊಟ್ಟರೂ ತೊಡಕು ತೀರದು: ಮನೆ ಸಂಪರ್ಕದಲ್ಲಿ ಮೇಲ್ ಸರ್ವರುಗಳು ತಮ್ಮೊಳಗೆ ಮಾತಾಡುವ, ಹೊರಹೋಗುವ 25ನೇ ಪೋರ್ಟ್ ಬಹಳ ಕಡೆ ಮುಚ್ಚಿರುತ್ತದೆ, ಸ್ಪ್ಯಾಮ್‌ಹೌಸ್‌ನ ಪಿಬಿಎಲ್ (ನೇರವಾಗಿ ಮೇಲ್ ಕಳಿಸಬಾರದ ಐಪಿಗಳ) ಪಟ್ಟಿಯಲ್ಲಿ ಮನೆಬಳಕೆಯ ಐಪಿಗಳು ಸಾಲುಸಾಲಾಗಿ ಇರುತ್ತವೆ. ಅಲ್ಲಿಂದ ಹೊರಟ ಮೇಲ್ ಹೋದಲ್ಲೆಲ್ಲ ತಿರಸ್ಕಾರ.

ಹಾಗಾಗಿ ಕೆಲಸವನ್ನು ಎರಡು ಪಾಲು ಮಾಡಿದೆ. ಹೊರಗೆ 1 ಜಿಬಿ ರ‍್ಯಾಮ್‌ನ ಒಂದು ಬಾಡಿಗೆ ವಿಪಿಎಸ್ (ನೆಟ್‌ನಲ್ಲಿರುವ ವರ್ಚುವಲ್ ಸರ್ವರ್). ಅದರಲ್ಲಿ ಮೇಲ್ ಸ್ವೀಕರಿಸಿ ಕಳಿಸುವ ಪೋಸ್ಟ್‌ಫಿಕ್ಸ್ ಮತ್ತು ಸ್ಪ್ಯಾಮ್ ಸೋಸುವ ಆರ್‌ಸ್ಪ್ಯಾಮ್‌ಡಿ. ಮನೆಯಲ್ಲಿ 4 ಜಿಬಿಯ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್. ಅದರಲ್ಲಿ ಪೋಸ್ಟ್‌ಫಿಕ್ಸ್, ಮೇಲನ್ನು ಓದಲು ಕೊಡುವ ಡವ್‌ಕಾಟ್ ಮತ್ತು ಮೇಲ್ ಸಂಗ್ರಹ. ಎಸ್‌ಡಿ ಕಾರ್ಡಿನ ಮೇಲೆ ಮೇಲ್ ಇಡಬೇಡಿ, ಸದಾ ಬರೆಯುವ ಕೆಲಸಕ್ಕೆ ಅದು ಬಾಳುವುದಿಲ್ಲ. ಯುಎಸ್‌ಬಿ ಎಸ್‌ಎಸ್‌ಡಿ ಹಾಕಿ. ಎರಡೂ ಯಂತ್ರಗಳ ನಡುವೆ ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗ: ವಿಪಿಎಸ್ 10.8.0.1, ಮನೆ 10.8.0.2. ಕರೆ ಮನೆಯಿಂದಲೇ ಹೊರಡಬೇಕು, ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್ ಇರಬೇಕು. ಇಲ್ಲದಿದ್ದರೆ ನ್ಯಾಟ್ ಆ ದಾರಿಯನ್ನು ಮರೆತುಬಿಡುತ್ತದೆ.

ವಿಪಿಎಸ್‌ಗೆ ದುಡ್ಡು ಕಟ್ಟುವ ಮುಂಚೆ ಮೂರು ಮಾತು ಕೇಳಿಕೊಳ್ಳಿ: 25ನೇ ಪೋರ್ಟ್ ತೆರೆದಿದೆಯೇ, ಪಿಟಿಆರ್ ದಾಖಲೆಯನ್ನು ನಾವೇ ಬರೆಯಬಹುದೇ, ಕೊಡುವ ಐಪಿ ಯಾವುದಾದರೂ ಕಪ್ಪುಪಟ್ಟಿಯಲ್ಲಿದೆಯೇ. ಪಿಟಿಆರ್ ಎಂದರೆ ನಮ್ಮ ನವನಗರದ ಲೆಕ್ಕವೇ. ಸೆಕ್ಟರ್, ಪ್ಲಾಟ್ ನಂಬರ್ ಹೇಳಿದರೆ ಯಜಮಾನರ ಹೆಸರು ಬರಬೇಕು, ಹೆಸರು ಹೇಳಿದರೆ ಅದೇ ಪ್ಲಾಟಿಗೆ ಬಂದು ನಿಲ್ಲಬೇಕು. ಐಪಿಯಿಂದ ಹೆಸರು, ಹೆಸರಿನಿಂದ ಅದೇ ಐಪಿ, ಪೋಸ್ಟ್‌ಫಿಕ್ಸ್ ಹಲೋ ಹೇಳುವಾಗಲೂ ಅದೇ ಹೆಸರು. 2024ರ ಫೆಬ್ರುವರಿಯಿಂದ ಜಿಮೇಲ್ ಪಿಟಿಆರ್ ಮತ್ತು ಗೂಢಲಿಪಿಯ ಟಿಎಲ್‌ಎಸ್‌ ಜೊತೆಗೆ ಎಸ್‌ಪಿಎಫ್ (ಡೊಮೇನಿನ ಪರವಾಗಿ ಮೇಲ್ ಕಳಿಸಬಲ್ಲ ಯಂತ್ರಗಳ ಪಟ್ಟಿ) ಅಥವಾ ಡಿಕಿಮ್ (ಮೇಲಿಗೆ ಹಾಕುವ ಡಿಜಿಟಲ್ ಸಹಿ) ಅನ್ನೂ ಎಲ್ಲರಿಂದ ಕೇಳುತ್ತದೆ.

ಡಿಎನ್‌ಎಸ್ (ಡೊಮೇನ್ ಹೆಸರುಗಳ ವಿಳಾಸಪುಸ್ತಕ) ದಾಖಲೆಗಳು ಸುಲಭ, ಒಂದೆರಡು ಕಡೆ ಮಾತ್ರ ಕೈ ತಪ್ಪುತ್ತದೆ. ಮೇಲ್ ಎಲ್ಲಿಗೆ ಬರಬೇಕೆಂದು ಹೇಳುವ ಎಂಎಕ್ಸ್ ದಾಖಲೆಯಲ್ಲಿ ವಿಪಿಎಸ್‌ನ ಹೆಸರು ಬರೆಯಬೇಕು. ಬರಿ ಐಪಿ ಬರೆಯುವಂತಿಲ್ಲ, ಸಿನೇಮ್ (ಬೇರೊಂದು ಹೆಸರಿನ ಅಡ್ಡಹೆಸರು) ಆಗಿರುವ ಹೆಸರೂ ನಡೆಯದು. ಎಸ್‌ಪಿಎಫ್‌ನಲ್ಲಿ ಎಂಎಕ್ಸ್‌ಗೆ ಮಾತ್ರ ಅನುಮತಿ ಕೊಟ್ಟು ಮೈನಸ್ ಆಲ್‌ನಿಂದ (ಬೇರೆ ಯಾರಿಗೂ ಇಲ್ಲ) ಮುಗಿಸಿದರೆ ಸಾಕು. 2048 ಬಿಟ್‌ನ ಡಿಕಿಮ್ ಕೀಲಿ ಒಂದು ತುಂಡಿನ ಮಿತಿಯಾದ 255 ಅಕ್ಷರ ದಾಟುತ್ತದೆ. ಅದನ್ನು ಒಂದೇ ಟಿಎಕ್ಸ್‌ಟಿ ದಾಖಲೆಯೊಳಗೆ ಉದ್ಧರಣ ಚಿಹ್ನೆ ಹಾಕಿದ ಎರಡು ತುಂಡಾಗಿ ಬರೆಯಬೇಕು. ಡಿಮಾರ್ಕ್ (ಪರೀಕ್ಷೆಯಲ್ಲಿ ಸೋತ ಮೇಲನ್ನು ಏನು ಮಾಡಬೇಕೆಂಬ ಸೂಚನೆ) ಮೊದಲೆರಡು ವಾರ 'ನನ್' (ಏನೂ ಮಾಡಬೇಡಿ) ಇರಲಿ, ವರದಿ ನೋಡಿ 'ಕ್ವಾರಂಟೈನ್' (ಸ್ಪ್ಯಾಮಿಗೆ ಹಾಕಿ) ಮಾಡಿ.

ಇನ್ನು ನಿಜವಾಗಿ ಕಾಡುವ ಭಾಗ. ವಿಪಿಎಸ್‌ನಲ್ಲಿ ಮೇಲ್ ಸರ್ವರ್ ಯಾಕೆ, 25ನೇ ಪೋರ್ಟನ್ನು ಐಪಿಟೇಬಲ್ಸ್ ಫೈರ್‌ವಾಲ್‌ನಿಂದ ಸೀದಾ ಮನೆಗೆ ತಿರುಗಿಸಿದರಾಯಿತಲ್ಲ ಎಂದು ಅನ್ನಿಸುತ್ತದೆ. ಹಾಗೆ ತಿರುಗಿಸುವಾಗ ಮಾಸ್ಕರೇಡ್ ಹಾಕಿದರೆ, ಬಂದ ಪ್ರತಿ ಮೇಲೂ 10.8.0.1ರಿಂದ ಬಂದಂತೆ ಮನೆಯ ಪೋಸ್ಟ್‌ಫಿಕ್ಸ್‌ಗೆ ಕಾಣುತ್ತದೆ. ಎಸ್‌ಪಿಎಫ್ ಪರೀಕ್ಷೆ ಅಲ್ಲಿಗೇ ಸತ್ತಿತು. ಮೈನೆಟ್‌ವರ್ಕ್ಸ್ (ಪಾಸ್‌ವರ್ಡ್ ಕೇಳದೆ ನಂಬುವ ಐಪಿಗಳ) ಸಾಲಿನಲ್ಲಿ 10.8.0.0/24, ಅಂದರೆ ಸುರಂಗದ ವಿಳಾಸಗಳೆಲ್ಲ, ಇದ್ದರಂತೂ ಲೋಕದ ಸ್ಪ್ಯಾಮರುಗಳೆಲ್ಲ ನಿಮ್ಮ ಮನೆಯವರೇ ಆದರು. ಯಾರ ಮೇಲನ್ನಾದರೂ ದಾಟಿಸುವ ಓಪನ್ ರಿಲೇ ಎಂಬುದು ಇದೇ, ಬಾಡಿಗೆ ಐಪಿ ಕಪ್ಪುಪಟ್ಟಿ ಸೇರುವುದಕ್ಕೆ ಬಹಳ ಹೊತ್ತು ಬೇಕಿಲ್ಲ. ಫೇಲ್‌ಟುಬ್ಯಾನ್ ಇದ್ದರೆ ಇನ್ನೊಂದು ತಮಾಷೆ: ತಪ್ಪು ಪಾಸ್‌ವರ್ಡ್ ಹಾಕಿದ ಕಳ್ಳನ ಬದಲು 10.8.0.1ನ್ನೇ ಹಿಡಿದು ಹಾಕುತ್ತದೆ, ಸುರಂಗದ ಎಲ್ಲ ವ್ಯವಹಾರ ಬಂದ್.

ಆದ್ದರಿಂದ ವಿಪಿಎಸ್‌ನ ಪೋಸ್ಟ್‌ಫಿಕ್ಸೇ ಮೇಲ್ ಸ್ವೀಕರಿಸಿ, ಅಲ್ಲೇ ಸ್ಪ್ಯಾಮ್ ಸೋಸಿ, ಟ್ರಾನ್ಸ್‌ಪೋರ್ಟ್ ಮ್ಯಾಪ್ ಪ್ರಕಾರ ಮನೆಗೆ ಕಳಿಸಬೇಕು. ಡೊಮೇನ್ ಹೆಸರು ರಿಲೇ ಡೊಮೇನ್ಸ್ (ಮುಂದಕ್ಕೆ ದಾಟಿಸುವ ಡೊಮೇನುಗಳ) ಪಟ್ಟಿಯಲ್ಲಿ ಇರಲಿ. ರಿಲೇ ರೆಸಿಪಿಯೆಂಟ್ ಮ್ಯಾಪ್ಸ್‌ನಲ್ಲಿ ನಿಮ್ಮ ವಿಳಾಸಗಳನ್ನು ಒಂದೊಂದಾಗಿ ಬರೆಯಿರಿ. ಅದು ಖಾಲಿಯಿದ್ದರೆ ವಿಪಿಎಸ್ ಇಲ್ಲದ ಹೆಸರಿನ ಮೇಲನ್ನೂ ತೆಗೆದುಕೊಳ್ಳುತ್ತದೆ, ಮನೆ ಬೇಡವೆನ್ನುತ್ತದೆ, ಆಮೇಲೆ ಬೌನ್ಸ್ ಹೋಗುವುದು ಸ್ಪ್ಯಾಮರ್ ಕದ್ದು ಬಳಸಿದ ಯಾರದೋ ವಿಳಾಸಕ್ಕೆ. ಹೊರಹೋಗುವ ಮೇಲಿಗೆ ಮನೆಯ ರಿಲೇಹೋಸ್ಟ್ 10.8.0.1, ಅಲ್ಲಿ ನಂಬುಗೆಯ ಪಟ್ಟಿಯಲ್ಲಿ 10.8.0.2/32 ಒಂದೇ ಇರಬೇಕು, ಇಡೀ /24 ಬೇಡ. ಫೋನುಗಳಿಗೂ ವೈರ್‌ಗಾರ್ಡ್ ಹಾಕಿದ್ದೇನೆ, ಹೀಗಾಗಿ ಮೇಲ್ ಓದುವ 993 ಮತ್ತು ಕಳಿಸುವ 465ನೇ ಪೋರ್ಟ್ ಹೊರಗೆ ತೆರೆದೇ ಇಲ್ಲ.

ಕರೆಂಟ್ ಹೋದರೆ ಮೇಲ್ ಕಳೆದುಹೋಗುತ್ತದೆಯೇ ಎಂಬುದು ಎಲ್ಲರ ಪ್ರಶ್ನೆ. ಇಲ್ಲ. ವಿಪಿಎಸ್ ಅದನ್ನು ಸಾಲಿನಲ್ಲಿ ಹಿಡಿದಿಟ್ಟು ಐದು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಪೋಸ್ಟ್‌ಫಿಕ್ಸ್‌ನ ಮೂಲ ಮಿತಿಯೇ ಅಷ್ಟು. ಆದರೆ ಪ್ರಯತ್ನದ ನಡುವಿನ ಅಂತರ 300 ಸೆಕೆಂಡಿನಿಂದ 4000ದವರೆಗೆ ಬೆಳೆಯುತ್ತದೆ. ಕರೆಂಟ್ ಬಂದ ಮೇಲೂ ಒಂದು ತಾಸು ಮೇಲ್ ಬರದಿದ್ದರೆ ಗಾಬರಿ ಬೇಡ. ಸುರಂಗ ಎದ್ದ ತಕ್ಷಣ ಮನೆಯಿಂದ ವಿಪಿಎಸ್‌ಗೆ ಇಟಿಆರ್‌ಎನ್ ಆಜ್ಞೆ ಕಳಿಸುವ ಸಣ್ಣ ಸ್ಕ್ರಿಪ್ಟ್ ಇಟ್ಟರೆ ಸಾಲು ಆಗಲೇ ಖಾಲಿಯಾಗುತ್ತದೆ.

ಸುರಂಗ ಏಳದೇ ಇರುವುದು ಇದಕ್ಕಿಂತ ಕಿರಿಕಿರಿ. ಪೈ ಎದ್ದಾಗ ಫೈಬರ್ ಪೆಟ್ಟಿಗೆ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ, ಡಿಎನ್‌ಎಸ್ ಸಿಗದೆ ವೈರ್‌ಗಾರ್ಡ್ ಸೋಲುತ್ತದೆ. ಎಂಡ್‌ಪಾಯಿಂಟ್‌ನಲ್ಲಿ ವಿಪಿಎಸ್‌ನ ಹೆಸರಿನ ಬದಲು ಐಪಿಯನ್ನೇ ಬರೆದರೆ ಈ ತೊಂದರೆ ಇಲ್ಲ. ಎರಡನೆಯ ಕಾರಣ ಹೊಳೆಯುವುದು ಕಷ್ಟ: ಪೈ 4ರಲ್ಲಿ ಬ್ಯಾಟರಿ ಗಡಿಯಾರವಿಲ್ಲ, ಎದ್ದಾಗ ಅದು ಹಿಂದಿನ ಯಾವುದೋ ಹೊತ್ತಿನಲ್ಲಿರುತ್ತದೆ. ವೈರ್‌ಗಾರ್ಡ್ ಹ್ಯಾಂಡ್‌ಶೇಕ್‌ನಲ್ಲಿ ಸಮಯದ ಮುದ್ರೆ ಇರುತ್ತದೆ; ಹಿಂದಿನದಕ್ಕಿಂತ ಹಳೆಯದಾದರೆ ಎದುರಿನ ಯಂತ್ರ ಸದ್ದಿಲ್ಲದೆ ಎಸೆದುಬಿಡುತ್ತದೆ. ಲಾಗ್‌ನಲ್ಲಿ ನೆಟ್ಟಗೆ ಒಂದು ಸಾಲೂ ಕಾಣದು. ಎನ್‌ಟಿಪಿ (ನೆಟ್‌ನಿಂದ ಸಮಯ ಹೊಂದಿಸಿಕೊಳ್ಳುವ ವ್ಯವಸ್ಥೆ) ಸುರಂಗದ ಹೊರಗಿನ ದಾರಿಯಲ್ಲೇ ಹೋಗುವಂತೆ ನೋಡಿಕೊಳ್ಳಿ, ಸಾಧ್ಯವಾದರೆ ಡಿಎಸ್3231 ಗಡಿಯಾರ ಮಾಡ್ಯೂಲ್ ಹಾಕಿ. ರೂಟರ್ ಮತ್ತು ಫೈಬರ್ ಪೆಟ್ಟಿಗೆಗೆ 12 ವೋಲ್ಟ್‌ನ ಮಿನಿ ಯುಪಿಎಸ್ ಆದೀತು. ಪೈಗೆ ಬೇಕಾದ 5 ವೋಲ್ಟ್, 3 ಆಂಪ್ ಅದೇ ಪೆಟ್ಟಿಗೆಯಿಂದ ಸಿಗುತ್ತದೆಯೇ ಎಂದು ಲೇಬಲ್ ಓದಿ ಕೊಳ್ಳಿ.