ಹಾಲ್‌ನ ಗುಂಯ್‌ಗುಡುವಿಕೆ ಇಳಿಸುವುದು: ನನ್ನ ಅನುಭವ

ಸಮುದಾಯ ಭವನಗಳಲ್ಲಿ ಎಲ್ಲರದೂ ಒಂದೇ ದೂರು: ದನಿ ಜೋರಾಗಿದೆ, ಮಾತು ಮಾತ್ರ ತಿಳಿಯುವುದಿಲ್ಲ. ಕೂಡಲೇ ಇನ್ನೂ ದೊಡ್ಡ ಸ್ಪೀಕರ್ ತರಿಸುತ್ತಾರೆ, ಗದ್ದಲ ಇಮ್ಮಡಿಯಾಗುತ್ತದೆ. ಬೋಳು ಗೋಡೆ, ಟೈಲ್ಸ್ ನೆಲ, ಕಾಂಕ್ರೀಟ್ ಛಾವಣಿ ಇರುವ ಹಾಲ್‌ನಲ್ಲಿ ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬಿದ್ದಿರುತ್ತದೆ. ವಾಲ್ಯೂಮ್ ಏರಿಸಿದರೆ ಬಾಲವೂ ಏರುತ್ತದೆ. ಹಾಗಾಗಿ ನಾನು ಸೌಂಡ್ ಸಿಸ್ಟಮ್ ಮುಟ್ಟುವ ಮೊದಲು ಗೋಡೆ, ಛಾವಣಿಯ ಕೆಲಸ ಮುಗಿಸುತ್ತೇನೆ.

ಮೊದಲು ಅಳತೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ವೇದಿಕೆಯ ಹತ್ತಿರ ದೊಡ್ಡ ಬಲೂನು ಒಡೆದು, ಹಾಲ್ ನಡುವೆ ಇಟ್ಟ ಫೋನಿನಲ್ಲಿ ರೆಕಾರ್ಡ್ ಮಾಡುತ್ತೇನೆ. ಸದ್ದು 60 ಡೆಸಿಬಲ್ ಇಳಿಯಲು ಹಿಡಿಯುವ ಸಮಯವೇ ಅನುರಣನ ಕಾಲ. ಪೂರ್ತಿ 60 ಇಳಿಯುವ ಮೊದಲೇ ಹೊರಗಿನ ಗದ್ದಲ ಅಡ್ಡ ಬರುತ್ತದೆ, ಅದಕ್ಕೇ ಮೊದಲ 5 ಡೆಸಿಬಲ್ ಬಿಟ್ಟು ನಂತರದ 20ರ ಇಳಿಕೆಗೆ ಹಿಡಿದ ಸಮಯವನ್ನು ಅಳೆದು ಮೂರರಿಂದ ಗುಣಿಸಿದರೆ ಸಾಕು.

ಲೆಕ್ಕ ಹಳೆಯದು. ಹಾರ್ವರ್ಡ್‌ನ ಭೌತಶಾಸ್ತ್ರ ಅಧ್ಯಾಪಕ ವ್ಯಾಲೇಸ್ ಸಬೀನ್ 1895ರಲ್ಲಿ ಕೆಲಸ ಕೈಗೆತ್ತಿಕೊಂಡು, ರಂಗಮಂದಿರದ ಕುರ್ಚಿ ದಿಂಬುಗಳನ್ನು ಹೊರಿಸಿ ತಂದು, ಎಷ್ಟು ದಿಂಬಿಗೆ ಎಷ್ಟು ಸದ್ದು ತಗ್ಗುತ್ತದೆಂದು ನೋಡಿ ಕಂಡುಕೊಂಡ ಸೂತ್ರ: ಘನ ಮೀಟರಿನಲ್ಲಿ ಹಾಲ್‌ನ ಗಾತ್ರವನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಬೇಕು. ಬಿದ್ದ ಸದ್ದನ್ನು ಪೂರ್ತಿ ನುಂಗುವ ಒಂದು ಚದರ ಮೀಟರ್ ಜಾಗ ಎಂದರೆ 1 ಹೀರಿಕೆ. 18 ಮೀಟರ್ ಉದ್ದ, 10 ಅಗಲ, 4.5 ಎತ್ತರದ ಹಾಲ್ ಎಂದರೆ 810 ಘನ ಮೀಟರ್. ಬೋಳು ಹಾಲ್‌ನಲ್ಲಿ ಬಾಗಿಲು, ಕಿಟಕಿ, ಕುರ್ಚಿ ಸೇರಿ ಹೀರಿಕೆ ಸುಮಾರು 30 ಚದರ ಮೀಟರ್. ಅನುರಣನ 4.3 ಸೆಕೆಂಡ್ ಬಂತು. ಮಾತಿಗೆ ಸುಮಾರು 1 ಸೆಕೆಂಡ್ ಬೇಕು, ಅಂದರೆ 130ರಷ್ಟು ಹೀರಿಕೆ. ಕೂತ ಒಬ್ಬ ಮನುಷ್ಯ ಸುಮಾರು 0.45 ಹೀರುತ್ತಾನೆ. ಹಾಲ್ ತುಂಬಿರುತ್ತದೆಂದು ನಂಬಿ ಲೆಕ್ಕ ಹಾಕಬೇಡಿ, 60 ಜನ ಎಂದಿಟ್ಟುಕೊಂಡರೆ 27 ಸಿಗುತ್ತದೆ. ಉಳಿದ 73ಕ್ಕೆ, ಚದರ ಮೀಟರಿಗೆ 0.86ರಷ್ಟು ಸದ್ದು ಹೀರುವ ಪ್ಯಾನೆಲ್ ಸುಮಾರು 85 ಚದರ ಮೀಟರ್ ಬೇಕು. ಆಗ ಖಾಲಿ ಹಾಲ್‌ನಲ್ಲೂ 1.3 ಸೆಕೆಂಡಿನ ಆಚೀಚೆ ನಿಲ್ಲುತ್ತದೆ.

ಪ್ಯಾನೆಲ್‌ಗೆ 50 ಮಿ.ಮೀ. ದಪ್ಪದ, ಘನ ಮೀಟರಿಗೆ 48ರಿಂದ 60 ಕೆ.ಜಿ. ತೂಗುವ ರಾಕ್‌ವುಲ್ (ಕಲ್ಲು ಕರಗಿಸಿ ಮಾಡಿದ ನಾರು) ಹಲಗೆ ಬಳಸುತ್ತೇನೆ. 600 × 1200 ಮಿ.ಮೀ. ಮರದ ಚೌಕಟ್ಟು, ಮೇಲೆ ಬಟ್ಟೆ. ಬಟ್ಟೆಯನ್ನು ಬಾಯಿಗೆ ಒತ್ತಿ ಊದಿ ನೋಡಿ: ಉಸಿರು ಸಲೀಸಾಗಿ ಆಚೆ ಹೋದರೆ ಸದ್ದೂ ಒಳಗೆ ಹೋಗುತ್ತದೆ. ರೆಕ್ಸಿನ್ ಹೊದಿಸಿದರೆ ಅಷ್ಟೂ ದಂಡ. ಬೆಂಕಿ ಬೇಗ ಹಿಡಿಯದಂತೆ ಸಂಸ್ಕರಿಸಿದ ಬಟ್ಟೆಯನ್ನೇ ಕೇಳಿ ತನ್ನಿ. ಚೌಕಟ್ಟನ್ನು ಗೋಡೆಗೆ ಅಂಟಿಸದೆ, ಹಿಂದೆ 50 ಮಿ.ಮೀ. ಮರದ ತುಂಡು ಕೊಟ್ಟು ನಿಲ್ಲಿಸಿ. ಆ ಸಂದಿಯಿಂದಾಗಿಯೇ ಗಂಡು ದನಿಯ ಕೆಳಸ್ಥಾಯಿಯ ಗುಂಗು ಇಳಿಯುತ್ತದೆ. ರಾಕ್‌ವುಲ್ ಕತ್ತರಿಸುವಾಗ ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ ಬೇಕೇ ಬೇಕು.

ಥರ್ಮೋಕೋಲ್ ಮತ್ತು ಮೊಟ್ಟೆ ಟ್ರೇ ಸಲಹೆ ಪ್ರತಿ ಸಭೆಯಲ್ಲೂ ಯಾರಾದರೂ ಕೊಟ್ಟೇ ಕೊಡುತ್ತಾರೆ. ಥರ್ಮೋಕೋಲಿನ ರಂಧ್ರಗಳು ಮುಚ್ಚಿರುತ್ತವೆ, ಅದರಿಂದ ಪ್ರಯೋಜನವಿಲ್ಲ. ತೆಳು ಕಾರ್ಪೆಟ್ 'ಸ', 'ಶ'ಗಳನ್ನಷ್ಟೇ ನುಂಗಿ ಗುಂಗನ್ನು ಹಾಗೇ ಬಿಡುತ್ತದೆ, ಮಾತು ಇನ್ನೂ ಮಬ್ಬಾಗುತ್ತದೆ. ಅಗ್ಗದ ಫೋಮ್ ಅಂತೂ ಜನ ಸೇರುವ ಜಾಗಕ್ಕೆ ಬೇಡವೇ ಬೇಡ, ಹೊತ್ತಿಕೊಂಡರೆ ವಿಷದ ಹೊಗೆ.

ಎಲ್ಲಿ ಹಾಕಬೇಕು ಎನ್ನುವುದಕ್ಕೆ ಹೆಚ್ಚು ತಲೆ ಕೊಡಿ. ವೇದಿಕೆಗೆ ಎದುರಿನ ಹಿಂಗೋಡೆಯೇ ಮೊದಲು, ಅಲ್ಲಿಗೆ ಸುಮಾರು 35 ಪ್ಯಾನೆಲ್. ಅಲ್ಲಿಂದ ವಾಪಸು ಬರುವ ಸದ್ದು ನೇರ ಸದ್ದಿಗಿಂತ 17 ಮೀಟರ್ ಹೆಚ್ಚು ದಾರಿ ನಡೆದಿದ್ದರೆ 50 ಮಿಲಿಸೆಕೆಂಡ್ ತಡವಾಗಿ, ಬೇರೆಯೇ ಪ್ರತಿಧ್ವನಿಯಾಗಿ ಕೇಳುತ್ತದೆ. ಪಕ್ಕದ ಗೋಡೆಗಳಿಗೆ 28. ಇಲ್ಲಿ ಎದುರುಬದುರಾಗಿ ಹೊಂದಿಸಬೇಡಿ. ಒಂದು ಕಡೆ ಪ್ಯಾನೆಲ್ ಇದ್ದರೆ ಎದುರು ಬೋಳು ಜಾಗ ಬರಲಿ. ನಡುವೆ ನಿಂತು ಚಪ್ಪಾಳೆ ತಟ್ಟಿದಾಗ 'ಟರ್‌ರ್' ಎಂದು ಅದುರುವ ಸದ್ದು ಆಗ ನಿಲ್ಲುತ್ತದೆ. ಛಾವಣಿಗೆ 56, ಅಂಚಿನ ಸುತ್ತ. ಭಾಷಣಕಾರನ ತಲೆ ಮೇಲಿನಿಂದ ನಡುಭಾಗದವರೆಗೆ ಬೋಳಾಗಿಯೇ ಬಿಡಿ, ಮೈಕ್ ಇಲ್ಲದ ದನಿಯನ್ನು ಹಿಂದಿನ ಸಾಲಿಗೆ ಮುಟ್ಟಿಸುವುದು ಅದೇ. ಛಾವಣಿಗೆ ಪ್ಲಾಸ್ಟಿಕ್ ಗುಲ್ಲಿ ಬೇಡ, ಕಬ್ಬಿಣದ ಆಂಕರ್ ಹೊಡೆದು ನಾಲ್ಕೂ ಮೂಲೆಗೆ ಉಕ್ಕಿನ ತಂತಿ ಕಟ್ಟಿ. ಹೊಗೆ ಪತ್ತೆ ಸಾಧನ, ಸ್ಪ್ರಿಂಕ್ಲರ್ ಮರೆಯಾಗದಿರಲಿ. ಗೋಡೆಯ ಮೇಲೆ ನೆಲದಿಂದ 1 ಮೀಟರ್ ಖಾಲಿ ಬಿಡಿ, ಕುರ್ಚಿ ಬೆನ್ನು ಮತ್ತು ಮಕ್ಕಳ ಕಾಲು ಮುಟ್ಟುವುದು ಅಷ್ಟರೊಳಗೇ.

ಇಷ್ಟಾದ ಮೇಲೆ ಸ್ಪೀಕರ್. ವೇದಿಕೆಯ ಬಳಿ ಎರಡು ಕಾಲಂ (ಕಂಬದಂತೆ ಉದ್ದನೆಯ) ಸ್ಪೀಕರ್, 9 ಮೀಟರ್ ಹಿಂದೆ ಇನ್ನೆರಡು ಚಿಕ್ಕವು. ಹಿಂದಿನವಕ್ಕೆ ಡಿಲೇ ಕೊಡದಿದ್ದರೆ, ಅಂದರೆ ಅವುಗಳ ಸದ್ದನ್ನು ತುಸು ತಡವಾಗಿ ಬಿಡದಿದ್ದರೆ, ಎರಡು ದನಿ ಕೇಳುತ್ತದೆ. ಸದ್ದು ಸೆಕೆಂಡಿಗೆ 343 ಮೀಟರ್ ಹೋಗುವುದರಿಂದ 9 ಮೀಟರಿಗೆ 26 ಮಿಲಿಸೆಕೆಂಡ್. ಮೇಲೆ 10 ಸೇರಿಸಿ 36ಕ್ಕೆ ಇಟ್ಟರೆ, ಹಿಂದೆ ಕೂತವರಿಗೂ ದನಿ ವೇದಿಕೆಯಿಂದಲೇ ಬಂದಂತಿರುತ್ತದೆ.

ಮುಂದೆ ಹಾಲ್‌ಗೆ ಸುಣ್ಣಬಣ್ಣ ಮಾಡಿಸುವಾಗ ಪ್ಯಾನೆಲ್‌ಗಳನ್ನು ಕಳಚಿಡಿಸಿ. ಬಟ್ಟೆಯ ಮೇಲೆ ಒಂದು ಕೋಟ್ ಬಣ್ಣ ಬಿದ್ದರೂ ರಂಧ್ರ ಮುಚ್ಚಿ ಪ್ಯಾನೆಲ್ ಮತ್ತೆ ಗೋಡೆಯೇ ಆಗುತ್ತದೆ.