ಶೀನಣ್ಣನ ಡೈಲಾಗಿಗೆ ರಜೆ ಕೊಟ್ಟ ಮೇಲೆ

ಮಂಗಳೂರಿನ ಲೋಕಲ್ ಕೇಬಲ್ ಚಾನೆಲ್‌ನಲ್ಲಿ ಶುರುವಾದ ನಮ್ಮ ವಾರದ ಕಾಮಿಡಿ ಧಾರಾವಾಹಿ ಈಗ ಏಳನೇ ವರ್ಷದಲ್ಲಿದೆ. ಯೂಟ್ಯೂಬಿನಲ್ಲೂ ಹೋಗುತ್ತಿದೆ. ಬರೆಯುವುದು, ನಿರ್ದೇಶನ ಎರಡೂ ನನ್ನದೇ. ಇಷ್ಟು ವರ್ಷ ಆದ ಮೇಲೂ ಅದರ ಮುಖ್ಯ ಪಾತ್ರ ಶೀನಣ್ಣ ಮನುಷ್ಯನ ಹಾಗೆಯೇ ಮಾತಾಡುತ್ತಾನೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಯಾಕೆಂದರೆ ನಾಲ್ಕನೇ ವರ್ಷ ಅವನನ್ನು ಬದಲಾಯಿಸಲು ಹೊರಟಾಗ ಟೀಮಿನಲ್ಲಿ ಒಬ್ಬರೂ ನನ್ನ ಜೊತೆ ಇರಲಿಲ್ಲ. "ನಗು ಬರ್ತಾ ಉಂಟಲ್ಲ, ಮತ್ತೆ ಎಂತಕ್ಕೆ ಮುಟ್ಟುದು?" ಎಡಿಟರಿಂದ ಹಿಡಿದು ಸ್ಪಾನ್ಸರ್ ತನಕ ಎಲ್ಲರದ್ದೂ ಇದೇ ಮಾತು.

ವಾರ ವಾರ ಸ್ಕ್ರಿಪ್ಟ್ ಬರೆಯುವವರಿಗೆ ಈ ಕಾಯಿಲೆ ಗೊತ್ತಿರುತ್ತದೆ. ಒಂದು ಗುಣಕ್ಕೆ ನಗು ಬಿದ್ದರೆ ಮುಂದಿನ ವಾರ ಅದನ್ನೇ ಸ್ವಲ್ಪ ಜಾಸ್ತಿ ಮಾಡುತ್ತೇವೆ. ಅದರ ಮುಂದಿನ ವಾರ ಇನ್ನೂ ಸ್ವಲ್ಪ. ಎರಡು ವರ್ಷ ಕಳೆಯುವಾಗ ಗುಣ ಮಾತ್ರ ಇರುತ್ತದೆ, ಆ ಗುಣ ಇದ್ದ ಮನುಷ್ಯ ಕಾಣೆ. ಅಮೆರಿಕದ 'ದಿ ಸಿಂಪ್ಸನ್ಸ್' 1989ರಿಂದ ಓಡುತ್ತಿದೆ. ಅದರಲ್ಲಿ ನೆಡ್ ಫ್ಲಾಂಡರ್ಸ್ ಅಂತ ಪಕ್ಕದ ಮನೆಯವನು. ಶುರುವಿನಲ್ಲಿ ಅವನು ಒಳ್ಳೆಯ ನೆರೆಯವ, ಒಳ್ಳೆಯ ಅಪ್ಪ, ಜೊತೆಗೆ ದೇವರ ಭಕ್ತ. ಬರ್ತಾ ಬರ್ತಾ ಭಕ್ತಿ ಒಂದೇ ಉಳಿಯಿತು. ಈ ಕಾಯಿಲೆಗೆ ಅಲ್ಲಿನವರು ಅವನ ಹೆಸರನ್ನೇ ಇಟ್ಟು 'ಫ್ಲಾಂಡರೈಸೇಶನ್' ಅನ್ನುತ್ತಾರೆ. ಅಲ್ಲಿಯದೇ 'ಫ್ರೆಂಡ್ಸ್' ಧಾರಾವಾಹಿಯ ಜೋಯಿಯನ್ನು ನೋಡಿ. 1994ರಲ್ಲಿ ಸ್ವಲ್ಪ ನಿಧಾನಕ್ಕೆ ಅರ್ಥ ಆಗುವ ಹುಡುಗ, ಅಷ್ಟೇ. ಹತ್ತನೇ ಸೀಸನ್ನಿಗೆ ಬರುವಾಗ ಫ್ರೆಂಚ್ ಹೇಳಿಕೊಡಲು ಕೂತರೆ ಕೇಳಿದ ಶಬ್ದವನ್ನು ತಿರುಗಿ ಹೇಳಲೂ ಅವನಿಗೆ ಬರುವುದಿಲ್ಲ.

ನಮ್ಮ ಶೀನಣ್ಣ ಜಿಪುಣ. ಮಣ್ಣಗುಡ್ಡದ ಒಂದು ಬಾಡಿಗೆ ವಠಾರದ ಯಜಮಾನ. ಏನು ಕಂಡರೂ "ಅದಕ್ಕೆಷ್ಟಾಯ್ತು?" ಅಂತ ಕೇಳುತ್ತಾನೆ. ಮೊದಲ ವರ್ಷ ಬಾಡಿಗೆಯವರ ಹೊಸ ಟೀವಿ ಕಂಡು ಕೇಳಿದ. ಮೂರನೇ ವರ್ಷ ಬೊಜ್ಜದ, ಅಂದರೆ ಸತ್ತವರ ಉತ್ತರಕ್ರಿಯೆಯ ಊಟಕ್ಕೆ ಕೂತಲ್ಲಿ ಕೇಳಿದ. ನಾಲ್ಕನೇ ವರ್ಷ ಮನೆಗೆ ಬಂದವರು ಕುಡಿದ ನೀರಿಗೂ ಲೆಕ್ಕ ಬರೆಯತೊಡಗಿದ. ನಗು ಬರುತ್ತಿತ್ತು, ನಿಜ. ಆದರೆ ಅವನು ಬಾಯಿ ತೆರೆಯುವ ಮೊದಲೇ ಬರುತ್ತಿತ್ತು. ಡೈಲಾಗ್ ಗುರುತು ಸಿಕ್ಕಿತಲ್ಲ ಅಂತ ಜನ ನಗುತ್ತಿದ್ದರು, ಶೀನಣ್ಣನಿಗೆ ಏನಾಯಿತು ಅಂತ ಅಲ್ಲ. ಈ ಗುರುತಿನ ನಗು ಬೇಗ ಖಾಲಿಯಾಗುತ್ತದೆ. ಒಂದೂವರೆ ಲಕ್ಷದ ಹತ್ತಿರ ಇದ್ದ ವ್ಯೂಸ್ 80 ಸಾವಿರಕ್ಕೆ ಇಳಿಯಿತು. ಆಗ ಒಂದು ಕಂತಿಗೆ ಹೆಚ್ಚುಕಡಿಮೆ 25 ಸಾವಿರ ಬೀಳುತ್ತಿತ್ತು. ಕ್ಯಾಮೆರಾ, ಲೈಟ್ ಬಾಡಿಗೆ ಏಳೆಂಟು ಸಾವಿರ, ಕಲಾವಿದರ ಪೇಮೆಂಟ್ 10 ಸಾವಿರ, ಉಳಿದದ್ದು ಊಟ, ಪೆಟ್ರೋಲ್, ಎಡಿಟಿಂಗ್. ಕೈಯಿಂದ ಹಾಕುವ ದಿನ ದೂರ ಇರಲಿಲ್ಲ.

ಎಲ್ಲರೂ ಮಾಡುವ ಉಪಾಯಗಳನ್ನೇ ಮೊದಲು ಮಾಡಿ ನೋಡಿದೆವು. ಹೊಸ ಪಾತ್ರ ತಂದೆವು. ಗಲ್ಫ್‌ನಿಂದ ಬಂದ ಅಳಿಯ, ಕೈತುಂಬ ಖರ್ಚು ಮಾಡುವವ. ಮೂರು ನಾಲ್ಕು ವಾರ ಚೆನ್ನಾಗಿ ಓಡಿತು. ಆಮೇಲೆ ಇಬ್ಬರೂ ಒಂದೊಂದೇ ಗುಣದ ಬೊಂಬೆಗಳಾದರು. ಒಬ್ಬ ಖರ್ಚು ಮಾಡುವುದು, ಇನ್ನೊಬ್ಬ ತಲೆ ಚಚ್ಚಿಕೊಳ್ಳುವುದು. ಹೆಚ್ಚುವರಿ ಪೇಮೆಂಟ್ ಹೋದದ್ದೇ ಬಂತು.

ಎರಡನೆಯದು ಜಾಗ ಬದಲಾಯಿಸುವುದು. ಇಡೀ ವಠಾರವನ್ನು ಆಗುಂಬೆಗೆ ಟೂರ್ ಕರಕೊಂಡು ಹೋದೆವು. ವ್ಯಾನು, ರೂಮು, ಊಟ ಅಂತ 60 ಸಾವಿರದ ಹತ್ತಿರ ಕೈಬಿಟ್ಟಿತು. ಅದರಲ್ಲಿ ಒಂದು ಇಡೀ ದಿನ ಮಳೆಗೆ ಹೋಯಿತು. ಕಂತು ನೋಡಿದರೆ ಅದೇ ಶೀನಣ್ಣ, ಹಿಂದೆ ಘಾಟಿ, ಅಷ್ಟೇ. ಅಮೆರಿಕದ 'ಹ್ಯಾಪಿ ಡೇಸ್' ಧಾರಾವಾಹಿಯವರು 1977ರಲ್ಲಿ ಇದನ್ನೇ ಮಾಡಿದ್ದರು. ಎಲ್ಲರನ್ನೂ ಹಾಲಿವುಡ್‌ಗೆ ಕರಕೊಂಡು ಹೋಗಿ, ಜನರ ಮೆಚ್ಚಿನ ಪಾತ್ರ ಫಾಂಜಿ ನೀರಿನ ಮೇಲೆ ಸ್ಕೀಯಿಂಗ್ ಮಾಡುತ್ತಾ ಶಾರ್ಕ್ ದಾಟುವ ಸೀನ್ ಮಾಡಿದರು. ಧಾರಾವಾಹಿ ಆಮೇಲೂ 1984ರ ತನಕ ಓಡಿತು. ಆದರೆ ಸರಕು ಮುಗಿದ ಮೇಲೆ ಸರ್ಕಸ್ ಮಾಡುವವರ ಬಗ್ಗೆ ಮಾತು ಬಂದಾಗ ಇವತ್ತಿಗೂ ಆ ಶಾರ್ಕನ್ನೇ ನೆನಪಿಸುತ್ತಾರೆ.

ಮೂರನೆಯದು ಶೀನಣ್ಣನನ್ನು ರಾತ್ರೋರಾತ್ರಿ ಉದಾರಿ ಮಾಡುವುದು. ಅದು ಟೀಮಿನ ಒಬ್ಬ ಹುಡುಗನ ಐಡಿಯಾ. ಎರಡೇ ಕಂತು. ಫೋನು ಮೇಲೆ ಫೋನು. "ಇದು ನಮ್ಮ ಶೀನಣ್ಣ ಅಲ್ಲ ಮಾರ್ರೆ, ಯಾರನ್ನು ತಂದು ಕೂರಿಸಿದ್ದೀರಿ?" ಸುರತ್ಕಲ್‌ನ ಒಬ್ಬ ಅಜ್ಜಿ ಇದನ್ನು ಹೇಳುವಾಗ ನಿಜವಾಗಿಯೂ ಸಿಟ್ಟಲ್ಲಿದ್ದರು. ನನಗೆ ಆ ಸಿಟ್ಟಿನಿಂದಲೇ ಧೈರ್ಯ ಬಂತು. ಅವರಿಗೆ ಡೈಲಾಗ್ ಅಲ್ಲ, ಮನುಷ್ಯ ಬೇಕಿತ್ತು.

ಈಗ ನಾನು ಮಾಡಿದ ಕೆಲಸ. ಮೊದಲ ವರ್ಷದ ಕಂತುಗಳನ್ನೆಲ್ಲ ಒಬ್ಬನೇ ಕೂತು ನೋಡಿದೆ. ಎರಡನೆಯದೋ ಮೂರನೆಯದೋ ಕಂತಿನಲ್ಲಿ ಒಂದು ಮಾತು ಸಿಕ್ಕಿತು. ಶೀನಣ್ಣನ ಅಪ್ಪ ಯಾರಿಗೋ ಜಾಮೀನು ನಿಂತು ಇದ್ದ ಮನೆ ಕಳಕೊಂಡಿದ್ದರು. ಆಮೇಲೆ ಅದನ್ನು ಯಾರೂ ನೆನಪಿಸಿರಲಿಲ್ಲ. ಅಲ್ಲೇ ಇತ್ತು ನೋಡಿ ಅವನ ಬುಡ. ಅವನು ರೇಟು ಕೇಳುವುದು ದುಡ್ಡಿನ ಆಸೆಗಲ್ಲ, ಇನ್ನೊಮ್ಮೆ ಮನೆ ಹೋದೀತು ಅನ್ನುವ ಹೆದರಿಕೆಗೆ. ನೀರಿಗೆ ಲೆಕ್ಕ ಬರೆಯುವವನಿಗೂ ಆ ಹೆದರಿಕೆಗೂ ಸಂಬಂಧವೇ ಇರಲಿಲ್ಲ.

ಒಂದು ಉದ್ದದ ಲೆಕ್ಕದ ಪುಸ್ತಕ ತಂದೆ. ಒಂದು ಪಾತ್ರಕ್ಕೆ ನಾಲ್ಕು ಪುಟ. ಮೊದಲ ಸಾಲಿನಲ್ಲಿ ಆ ಗುಣ ಯಾಕೆ ಬಂತು ಅನ್ನುವ ಕಾರಣ. ಕೆಳಗೆ ಎಡಗಡೆ ಗುರುತಿನ ನಗು, ಬಲಗಡೆ ಸಂದರ್ಭದ ನಗು. ಪ್ರತಿ ಕಂತನ್ನು ಹೊರಗಿನ ನಾಲ್ಕೈದು ಜನರಿಗೆ ತೋರಿಸಿ, ಅವರು ಎಲ್ಲಿ ನಕ್ಕರು ಅಂತ ಗೀಟು ಹಾಕುತ್ತಾ ಹೋದೆ. ಮಾತು ಮುಗಿಯುವ ಮೊದಲೇ ನಕ್ಕರೆ ಎಡಕ್ಕೆ, ಮುಗಿದ ಮೇಲೆ ನಕ್ಕರೆ ಬಲಕ್ಕೆ. ಎಡ ಜಾಸ್ತಿಯಾದ ಕೂಡಲೇ ಆ ಡೈಲಾಗಿಗೆ ರಜೆ. ಪುಸ್ತಕದಲ್ಲಿ ಮೂರನೆಯ ಕಾಲಮ್ ಒಂದುಂಟು. ಅದನ್ನು ನಮ್ಮ ಟೀಮಿನವರಿಗೂ ತೋರಿಸಿಲ್ಲ, ಇಲ್ಲೂ ಹೇಳುವುದಿಲ್ಲ.

"ಅದಕ್ಕೆಷ್ಟಾಯ್ತು?" ಐದಾರು ತಿಂಗಳು ಪರದೆಯ ಮೇಲೆ ಬರಲಿಲ್ಲ. ಒಂದು ಚಿನ್ನದಂಗಡಿಯವರು ಅದೇ ಡೈಲಾಗನ್ನು ತಮ್ಮ ಹೋರ್ಡಿಂಗಿನಲ್ಲಿ ಹಾಕಿಸಿಕೊಂಡಿದ್ದರು. ಕಂತಿಗೆ 8 ಸಾವಿರ ಕೊಡುತ್ತಿದ್ದವರು ಎರಡನೇ ತಿಂಗಳಿಗೇ ಕೈಬಿಟ್ಟರು. ಶೀನಣ್ಣನ ಪಾತ್ರ ಮಾಡುವವರಿಗೂ ಚಿಂತೆ. ಸ್ಟೇಜ್ ಶೋಗೆ ಹೋದರೆ ಜನ ಅದನ್ನೇ ಕೇಳುತ್ತಾರೆ, ಅವರ ಅರ್ಧ ಸಂಪಾದನೆ ಅದರಲ್ಲೇ. ಸ್ಟೇಜಿನಲ್ಲಿ ಬೇಕಾದಷ್ಟು ಹೇಳಿ, ಇಲ್ಲಿ ಬೇಡ ಅಂದೆ. ಅವರನ್ನು ಒಪ್ಪಿಸಿದ್ದು ಹೇಗೆ ಅನ್ನುವುದು ನಮ್ಮಿಬ್ಬರ ನಡುವೆ ಇರಲಿ.

ರಜೆ ಅಂದರೆ ಸುಮ್ನೆ ತೆಗೆದುಹಾಕುವುದಲ್ಲ. ಆ ಗುಣ ಬೇರೆ ಕಡೆ ಓಡಾಡಬೇಕು. ಮಗ ಬೈಕ್ ತೆಗೆಯಲು ಹೊರಟಾಗ ಶೋರೂಮಿನವನ ಹತ್ತಿರ ಅವನೇ ಒಂದೊಂದಕ್ಕೂ ರೇಟು ಕೇಳಿದ, ಅಪ್ಪನದ್ದೇ ಧಾಟಿಯಲ್ಲಿ. ಪಕ್ಕದಲ್ಲಿ ನಿಂತ ಶೀನಣ್ಣನಿಗೆ ನಾಚಿಕೆ. ಮಗಳು ವಿದ್ಯಾ ಪಾತ್ರದ ಹುಡುಗಿ ಧಾರಾವಾಹಿ ಶುರುವಾಗುವಾಗ ಪಿಯುಸಿಯಲ್ಲಿದ್ದಳು. ಈಗ ಕೆಲಸಕ್ಕೆ ಹೋಗುತ್ತಾಳೆ. ಪಾತ್ರಕ್ಕೂ ಅಷ್ಟೇ ವಯಸ್ಸು ಕೊಟ್ಟೆ, ಕೆಲಸ ಕೊಟ್ಟೆ, ಆಮೇಲೆ ನಿಶ್ಚಿತಾರ್ಥ ಮಾಡಿಸಿದೆ.

ಆ ನಿಶ್ಚಿತಾರ್ಥದ ಕಂತೇ ನಮ್ಮನ್ನು ಎತ್ತಿದ್ದು. ಶೀನಣ್ಣ ಹೂವಿನ ಅಂಗಡಿಗೆ ಹೋಗುತ್ತಾನೆ. ಮದುವೆ ಸೀಸನ್, ಶಂಕರಪುರ ಮಲ್ಲಿಗೆಯ ರೇಟು ಮೇಲೆ ಹತ್ತಿ ಕೂತಿದೆ. ಹೂವಿನವನು ಬಾಳೆಎಲೆ ಬಿಡಿಸಿ ಒಂದು ಅಟ್ಟೆ, ಅಂದರೆ ನಾಲ್ಕು ಚೆಂಡು ಹೂವು ಹೊರಗಿಟ್ಟ. ಎಲ್ಲರೂ ಆ ಒಂದು ಮಾತಿಗೆ ಕಾಯುತ್ತಿದ್ದಾರೆ. ಶೀನಣ್ಣ ಹೂವು ನೋಡಿದ, ಕೈಚೀಲ ತೆರೆದ, ಕೇಳಲಿಲ್ಲ. ಹೂವಿನವನಿಗೇ ಗಾಬರಿ. "ರೇಟು ಕೇಳ್ಲಿಲ್ಲ ಅಲ್ಲ ಶೀನಣ್ಣ?" "ಇವತ್ತು ನೀನು ಹೇಳ್ಬೇಡ ಮಾರಾಯ. ಹೇಳಿದ್ರೆ ನಂಗೆ ತೆಗೊಳ್ಲಿಕ್ಕೆ ಆಗುದಿಲ್ಲ." ಅಷ್ಟೇ. ನೋಟು ಎಣಿಸದೆ ಕೊಟ್ಟ. ಕ್ಯಾಮೆರಾ ಅವನ ಕೈ ಮೇಲೆ ಇಟ್ಟಿದ್ದೆ, ಮುಖದ ಮೇಲೆ ಅಲ್ಲ.

ಅದೇ ರಾತ್ರಿಯ ಸೀನ್. ಎಲ್ಲರೂ ಮಲಗಿದ್ದಾರೆ. ಅಡುಗೆಮನೆಯ ದೀಪದ ಕೆಳಗೆ ಕೂತು ಶೀನಣ್ಣ ಮಲ್ಲಿಗೆ ಎಣಿಸುತ್ತಿದ್ದಾನೆ. ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರು ಬಿಚ್ಚದ ಹಾಗೆ ಒಂದೊಂದನ್ನೇ ಬೆರಳಲ್ಲಿ ಸರಿಸುತ್ತಾ "ಆರುನೂರ ಹನ್ನೆರಡು, ಆರುನೂರ ಹದಿಮೂರು." ಹೆಂಡತಿ ಸುಮತಿ ಎದ್ದು ಬಂದು ನೋಡಿದಳು. ಬಯ್ಯಲಿಲ್ಲ. ಪಕ್ಕದಲ್ಲಿ ಕೂತು ಎರಡನೇ ಚೆಂಡು ಕೈಗೆ ತೆಗೆದುಕೊಂಡಳು. "ಒಂದು, ಎರಡು..."

ಇದು ನಾಲ್ಕು ಲಕ್ಷ ವ್ಯೂಸ್ ದಾಟಿತು. ಎಡಿಟರ್ ಆ ಸೀನನ್ನು ಉದ್ದ ಆಯಿತು ಅಂತ ಕತ್ತರಿಸಿಟ್ಟಿದ್ದ. ನಾನು ಕೂತು ವಾಪಸು ಹಾಕಿಸಿದೆ. ಈಗ ಹೊಸ ಹುಡುಗರು ಬಂದರೆ ಅವನೇ ಮೊದಲು ಅದನ್ನು ತೋರಿಸುತ್ತಾನೆ. ಡೈಲಾಗ್ ವಾಪಸು ಬಂದದ್ದು ಅದಾಗಿ ಮೂರು ಕಂತಿನ ಮೇಲೆ, ಮದುವೆ ಹಾಲಿನ ಮ್ಯಾನೇಜರ್ ಎದುರು. ನಮ್ಮ ಪರಿಚಯದವರ ಮನೆಯಲ್ಲಿ ಜನ ಚಪ್ಪಾಳೆ ಹೊಡೆದರಂತೆ.

ಕಲಾವಿದರು ಬಿಟ್ಟು ಹೋಗುವುದು ಇನ್ನೊಂದು ತಲೆನೋವು. ನಮ್ಮಲ್ಲಿ ಲ್ಯಾನ್ಸಿ ಅಂತ ಇನ್ನೊಂದು ಪಾತ್ರ ಇತ್ತು, ಅದನ್ನು ಮಾಡುವವರಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು. ಅವರ ಹಾಗೆಯೇ ಪಟಪಟ ಮಾತಾಡುವವರನ್ನು ಹುಡುಕಿ ಅಂತ ಎಲ್ಲರ ಸಲಹೆ. ನಾನು 'ಮ್ಯಾಶ್' ದಾರಿ ಹಿಡಿದೆ. 1972ರಿಂದ 1983ರ ತನಕ ಓಡಿದ, ಯುದ್ಧದ ಆಸ್ಪತ್ರೆಯ ಮೇಲಿನ ಅಮೆರಿಕದ ಕಾಮಿಡಿ ಧಾರಾವಾಹಿ ಅದು. 1977ರಲ್ಲಿ ಫ್ರಾಂಕ್ ಬರ್ನ್ಸ್ ಪಾತ್ರದವರು ಬಿಟ್ಟರು. ಬರ್ನ್ಸ್ ಕೆಲಸ ಬಾರದ ಸರ್ಜನ್, ಅವನನ್ನು ಗೇಲಿ ಮಾಡುವುದು ಸುಲಭ. ಅವನ ಜಾಗಕ್ಕೆ ತಂದದ್ದು ವಿಂಚೆಸ್ಟರ್‌ನನ್ನು. ಅಹಂಕಾರಿ, ಆದರೆ ಕೈಗುಣ ಇರುವ ಸರ್ಜನ್. ಹಳೆಯ ಜೋಕು ಒಂದೂ ಅವನ ಮೇಲೆ ನಡೆಯುವುದಿಲ್ಲ, ಎದುರಿನವರೂ ಹೊಸದಾಗಿ ಯೋಚಿಸಬೇಕು. ಹಿಂದಿಯ 'ತಾರಕ್ ಮೆಹ್ತಾ' ಧಾರಾವಾಹಿಯಲ್ಲಿ ದಯಾಬೆನ್ ಪಾತ್ರದವರು 2017ರಲ್ಲಿ ರಜೆಗೆ ಹೋದ ಮೇಲೆ ಆ ಜಾಗ ವರ್ಷಗಟ್ಟಲೆ ಖಾಲಿ ಇತ್ತು. ಅದನ್ನು ನೋಡಿದವನಿಗೆ ಕಾಯುತ್ತಾ ಕೂರುವುದು ಬೇಡ ಅನಿಸಿತು. ಲ್ಯಾನ್ಸಿಯ ಮನೆಗೆ ಗ್ಲಾಡಿಸ್ ಬಾಯಿ ಅನ್ನುವ ಹೆಂಗಸನ್ನು ತಂದೆ, ರಿಟೈರ್ಡ್ ನರ್ಸ್, ನಾಲ್ಕು ಮಾತಿಗೆ ಒಂದು ಉತ್ತರ. ಶೀನಣ್ಣ ಮೊದಲ ಬಾರಿ ಒಬ್ಬ ಮನುಷ್ಯರಿಗೆ ಹೆದರಿದ್ದು ಅವರ ಎದುರು.

ಅದರ ಜೊತೆಗೆ ಇನ್ನೊಂದು ಪ್ರಯೋಗ ಮಾಡಿದೆ. ಜೋಕಿನ ಹಿಂದೆ ಕೇಳಿಸುವ ರೆಕಾರ್ಡ್ ಮಾಡಿದ ನಗು, ಅಂದರೆ ನಗುವಿನ ಟ್ರ್ಯಾಕ್ ತೆಗೆದುಹಾಕಿದೆ. 'ಮ್ಯಾಶ್'ನ ಆಪರೇಷನ್ ಥಿಯೇಟರ್ ಸೀನುಗಳಿಗೆ ನಗುವಿನ ಟ್ರ್ಯಾಕ್ ಹಾಕುತ್ತಿರಲಿಲ್ಲ, ಬಿಬಿಸಿ ಪ್ರಸಾರದಲ್ಲಿ ಟ್ರ್ಯಾಕೇ ಇರಲಿಲ್ಲ. ನಾವು ಒಂದೇ ಕಂತನ್ನು ಟ್ರ್ಯಾಕ್ ಇಟ್ಟು ಒಮ್ಮೆ, ತೆಗೆದು ಒಮ್ಮೆ ಉಡುಪಿಯ ಒಂದು ಸಣ್ಣ ಹಾಲಿನಲ್ಲಿ ತೋರಿಸಿದೆವು. ಹಾಲಿಗೆ 3 ಸಾವಿರ ಬಾಡಿಗೆ. ಟ್ರ್ಯಾಕ್ ಇದ್ದಾಗ ಎಲ್ಲರೂ ಒಟ್ಟಿಗೆ ನಕ್ಕರು. ಇಲ್ಲದಾಗ ಕಡಿಮೆ ನಕ್ಕರು, ಆದರೆ ಹೊರಗೆ ಚಾ ಕುಡಿಯುವಾಗ ಪಾತ್ರಗಳ ವಿಷಯ ಮಾತಾಡಿದರು. ಕುಂದಾಪುರದ ಕಡೆಯಿಂದ ಬಂದವರು ನಮ್ಮ ಮಂಗಳೂರು ಮಾತಿನ ಜೋಕುಗಳಿಗಿಂತ ಗ್ಲಾಡಿಸ್ ಬಾಯಿಯ ಮೌನಕ್ಕೆ ಜಾಸ್ತಿ ನಕ್ಕರು. ಆ ಟ್ರ್ಯಾಕ್ ಮತ್ತೆ ಹಾಕಲೇ ಇಲ್ಲ.

ಯಕ್ಷಗಾನದ ಹಾಸ್ಯಗಾರರ ಹತ್ತಿರವೂ ಕೇಳಿದೆ. ಅವರಿಗೆ ಈ ಕಷ್ಟ ಕಡಿಮೆ. ಒಂದೇ ರಾತ್ರಿ ದೂತ, ಬ್ರಾಹ್ಮಣ, ಮುದುಕಿ, ಪ್ರಸಂಗ ಬದಲಾದ ಹಾಗೆ ವೇಷ ಬದಲಾಗುತ್ತದೆ. ನಮ್ಮವನು ಏಳು ವರ್ಷದಿಂದ ಅದೇ ಲುಂಗಿಯ ಶೀನಣ್ಣ. ಹಾಗಾಗಿ ಅವರಿಂದ ಒಂದು ವಿಷಯ ಮಾತ್ರ ತೆಗೆದುಕೊಂಡೆ. ಎದುರು ಯಾರು ನಿಂತಿದ್ದಾರೆ ನೋಡಿ ಮಾತು ಹುಟ್ಟಬೇಕು. ಸೀನ್ ಪೇಪರಿನಲ್ಲಿ ಈಗ ಶೀನಣ್ಣನ ಮಾತಿಗಿಂತ ಮೊದಲು ಎದುರಿನವರ ಮಾತು ಬರೆಯುತ್ತೇನೆ.

ಖರ್ಚಿನ ಈಗಿನ ಲೆಕ್ಕ ಕೇಳುವವರಿಗೆ ಹೇಳುತ್ತೇನೆ. ಕಂತಿಗೆ 35 ಸಾವಿರದ ಆಚೀಚೆ. ದೀಪಾವಳಿಯಿಂದ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ತನಕ ಕಲಾವಿದರೆಲ್ಲ ನಾಟಕ, ಮೇಳ ಅಂತ ರಾತ್ರಿ ಇಡೀ ಓಡಾಟದಲ್ಲಿರುತ್ತಾರೆ. ಕಾಲ್‌ಶೀಟ್ ಸಿಗುವುದು ಮಳೆಗಾಲದಲ್ಲಿ. ಆಗ ಶೀಟಿನ ಮಾಡಿನ ಕೆಳಗೆ ಶೂಟಿಂಗ್ ಇಟ್ಟರೆ ಸೌಂಡ್ ಪೂರ್ತಿ ಹಾಳು. ಹಾಗಾಗಿ ತಾರಸಿ ಮನೆಯನ್ನೇ ಬಾಡಿಗೆಗೆ ಹಿಡಿಯಬೇಕು, ದಿನಕ್ಕೆ 2 ಸಾವಿರ ಜಾಸ್ತಿ. ಚಿನ್ನದಂಗಡಿಯವರು ವಾಪಸು ಬಂದಿದ್ದಾರೆ, ಕಂತಿಗೆ 12 ಸಾವಿರಕ್ಕೆ. ಡೈಲಾಗ್ ಯಾವಾಗ ಬರಬೇಕು ಅನ್ನುವುದು ನನ್ನ ಕೈಯಲ್ಲೇ ಇರಬೇಕು ಅಂತ ಪೇಪರಿನಲ್ಲಿ ಬರೆಸಿಕೊಂಡಿದ್ದೇನೆ.

ಈ ಮಳೆಗಾಲಕ್ಕೆ ಸುಮತಿಯ ಸರದಿ. "ನಂಗೆ ಗೊತ್ತಿತ್ತು" ಅನ್ನುವುದು ಅವಳ ಖಾಯಂ ಮಾತು. ಪುಸ್ತಕದ ಎಡಗಡೆ ಗೀಟು ತುಂಬಿ ಹೋಗಿದೆ. ಅವಳಿಗೆ ಗೊತ್ತೇ ಇಲ್ಲದ ಒಂದು ವಿಷಯ ಬರೆದಿಟ್ಟಿದ್ದೇನೆ. ಟೀಮಿನವರು ಮತ್ತೆ ಬೇಡ ಅನ್ನುತ್ತಿದ್ದಾರೆ.